ಏನೂ ಅರಿಯದ ಹೂವು

ಹೂವುಗಳಿಗೊಂದು ರಹಸ್ಯ ಭಾಷೆಯಿತ್ತಂತೆ. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಬಾಯಿಬಿಟ್ಟು ಹೇಳಲಾಗದ ಪ್ರೇಮಿಗಳು ಹೂಗುಚ್ಛಗಳಲ್ಲೇ ಮಾತಾಡಿಕೊಳ್ಳುತ್ತಿದ್ದರಂತೆ. ಯಾವ ಹೂವು, ಯಾವ ಬಣ್ಣ, ಮೊಗ್ಗೋ ಅರಳಿದ್ದೋ, ತಲೆ ಮೇಲೋ ಕೆಳಗೋ, ಎಲ್ಲಕ್ಕೂ ಒಂದೊಂದು ಅರ್ಥವಿತ್ತಂತೆ. ಈ ಅಂತೆಕಂತೆಗಳು ಕೇಳಲು ಹಿತವಾಗಿರುವುದರಿಂದ ಯಾರೂ ಹೆಚ್ಚು ಕೆದಕಲು ಹೋಗುವುದಿಲ್ಲ. ಕೆದಕಿದರೆ ಮೊದಲಿಗೇ ಒಂದು ತೊಡಕು ಎದುರಾಗುತ್ತದೆ. ಆ ರಹಸ್ಯ ಭಾಷೆಯ ನಿಘಂಟು ಚಿತ್ರಗಳ ಸಮೇತ ಪುಸ್ತಕದಂಗಡಿಗಳಲ್ಲಿ ಮಾರಾಟಕ್ಕಿತ್ತು. ಮಗಳಿಗೆ ಬಂದ ಹೂಗುಚ್ಛದಲ್ಲಿ ಏನಿದೆಯೆಂದು ತಿಳಿಯಬೇಕಾದ ಅಪ್ಪ ಅದೇ ಪುಸ್ತಕ ತೆರೆದರೆ ಸಾಕಿತ್ತು. ಆ ಪುಸ್ತಕವನ್ನು ಅವಳಿಗೆ ಉಡುಗೊರೆಯಾಗಿ ತಂದುಕೊಟ್ಟವನು ಅವನೇ ಆಗಿದ್ದರೂ ಆಶ್ಚರ್ಯವಿಲ್ಲ.

ಹಾಗೆಂದು ಹೂವುಗಳು ಗುಟ್ಟು ಹೊತ್ತದ್ದೇ ಇಲ್ಲವೆಂದಲ್ಲ. ಹೊತ್ತಿವೆ, ಪ್ರಾಣಕ್ಕೆ ಸಂಚಕಾರ ತರುವಂಥ ಗುಟ್ಟುಗಳನ್ನೂ ಹೊತ್ತಿವೆ. ಅದಕ್ಕೆ ಯಾವ ನಿಘಂಟೂ ಬೇಕಾಗಿರಲಿಲ್ಲ. ನಿಘಂಟಿನ ಹೂವು ಬೇರೆ, ಗುಟ್ಟಿನ ಹೂವು ಬೇರೆ. ಎರಡನ್ನೂ ಕಲಸಿ ಒಂದೇ ಪ್ರೇಮಕತೆ ಮಾಡಿಟ್ಟಿದ್ದರಿಂದ ಎರಡೂ ನಮಗೆ ಸರಿಯಾಗಿ ಕಾಣುತ್ತಿಲ್ಲ ಎಂಬುದು ನನ್ನ ವಾದ.

ಕತೆಯ ಬೇರು ಇಂಗ್ಲೆಂಡಿನಲ್ಲಿಲ್ಲ, ಇಸ್ತಾಂಬುಲ್‌ನಲ್ಲಿದೆ. ಆಟೊಮನ್ ದರ್ಬಾರಿಗೆ ಬ್ರಿಟಿಷ್ ರಾಯಭಾರಿಯಾಗಿ ಹೋದ ಗಂಡನ ಜೊತೆ ಲೇಡಿ ಮೇರಿ ವರ್ಟ್ಲಿ ಮಾಂಟಗು 1717-18ರಲ್ಲಿ ಅಲ್ಲಿದ್ದಳು. ಅವಳ 1718ರ ಮಾರ್ಚ್ ತಿಂಗಳ ಪತ್ರವೊಂದರಲ್ಲಿ ತುರ್ಕಿ ಪ್ರೇಮಪತ್ರದ ವರ್ಣನೆ ಬರುತ್ತದೆ. ಪತ್ರವೆಂದರೆ ಕಾಗದವಲ್ಲ, ಒಂದು ಪುಟ್ಟ ಚೀಲ. ಒಳಗೆ ಮುತ್ತು, ಲವಂಗ, ಪೇರು ಹಣ್ಣು, ಸೋಪು, ಇದ್ದಿಲು, ದಾಲ್ಚಿನ್ನಿ, ಕೂದಲೆಳೆ, ಮೆಣಸು. ಗುಲಾಬಿಯೂ ಇದೆ, ಆದರೆ ಇದ್ದಿಲಿಗಿಂತ ಅದಕ್ಕೇನೂ ಹೆಚ್ಚಿನ ಮರ್ಯಾದೆಯಿಲ್ಲ. ಒಂದೊಂದನ್ನೂ ಹೊರತೆಗೆದಾಗ ಅದಕ್ಕೆ ಜೋಡಿಯಾದ ಒಂದೊಂದು ಪದ್ಯದ ಸಾಲು ನೆನಪಾಗಬೇಕು. ಜೋಡಿಸಿದ್ದು ಯಾವುದು? ಪ್ರಾಸ. ತುರ್ಕಿಯಲ್ಲಿ ಪೇರು ಹಣ್ಣಿಗೆ ಅರ್ಮುತ್, ಭರವಸೆಗೆ ಉಮುತ್. ಆದ್ದರಿಂದ ಪೇರು ಹಣ್ಣು ಕೈಗೆ ಬಂದರೆ ನನಗೊಂದಿಷ್ಟು ಭರವಸೆ ಕೊಡು ಎಂದು ಕೇಳಿದಂತೆ. ಭರವಸೆಗೂ ಹಣ್ಣಿಗೂ ಬೇರಾವ ಸಂಬಂಧವೂ ಇಲ್ಲ.

ಕನ್ನಡಿಗರಿಗೆ ಇದು ಹೊಸತಾಗಿ ಕಾಣಬೇಕಾಗಿಲ್ಲ. ಉತ್ತರ ಕರ್ನಾಟಕದ ಹೆಂಗಸರು ಗಂಡನ ಹೆಸರು ನೇರವಾಗಿ ಹೇಳದೆ ಪ್ರಾಸದ ಒಡಪಿನಲ್ಲಿ ಸಿಕ್ಕಿಸಿ ಹೇಳುತ್ತಾರಲ್ಲ, ಅದೇ ಜಾತಿಯ ಆಟ. ಹೇಳಬಾರದ್ದನ್ನು ಹೇಳುವ ಚಪಲ, ನಾಲ್ಕು ಜನರ ನಗು, ನಾಲಿಗೆಯ ಚುರುಕು. ಗುಟ್ಟಿನ ಭಾರವೇನೂ ಅಲ್ಲಿಲ್ಲ. ಆಸ್ಟ್ರಿಯಾದ ಪೌರ್ವಾತ್ಯ ವಿದ್ವಾಂಸ ಹ್ಯಾಮರ್-ಪುರ್ಗ್‌ಸ್ಟಾಲ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೇ ಇದನ್ನು ಹೇಳಿದ್ದ: ಇದು ಪ್ರೇಮಿಗಳ ಗುಪ್ತ ಲಿಪಿಯಲ್ಲ, ಅಂತಃಪುರದ ಹೆಂಗಸರು ತಮ್ಮತಮ್ಮಲ್ಲೇ ಹೊತ್ತು ಕಳೆಯಲು ಆಡುತ್ತಿದ್ದ ಆಟ ಎಂದು. ಅವನ ಮಾತು ಯಾರಿಗೆ ಬೇಕಾಗಿತ್ತು? ಯುರೋಪಿಗೆ ಬೇಕಾಗಿದ್ದದ್ದು ಪರದೆಯ ಹಿಂದಿನ ಸುಂದರಿ, ಗೋಡೆಯಾಚೆಯ ಪ್ರಿಯಕರ, ನಡುವೆ ಒಂದು ಹೂವು.

ಮೇರಿಯ ಪತ್ರಗಳು ಅಚ್ಚಾದದ್ದು 1763ರಲ್ಲಿ, ಅವಳು ತೀರಿಕೊಂಡ ಮರುವರ್ಷ. ಪ್ರಾಸವನ್ನು ಇನ್ನೊಂದು ಭಾಷೆಗೆ ಒಯ್ಯಲಾಗದು. ಒಯ್ಯುವ ಹೊತ್ತಿಗೆ ಅದು ಉದುರಿಹೋಯಿತು. ಇದ್ದಿಲು, ಸೋಪು, ಮೆಣಸುಗಳು ಪ್ರೇಮಕ್ಕೆ ಒಪ್ಪವಾಗಿ ಕಾಣಲಿಲ್ಲವೋ ಏನೋ, ಅವೂ ಉದುರಿದವು. ಉಳಿದದ್ದು ಹೂವು ಮಾತ್ರ. (ಅದೇ ಇಸ್ತಾಂಬುಲ್ ವಾಸದಲ್ಲಿ ಮೇರಿ ಇನ್ನೊಂದು ವಿದ್ಯೆಯನ್ನೂ ಕಂಡಿದ್ದಳು: ಸಿಡುಬಿನ ಕೀವನ್ನು ಚರ್ಮಕ್ಕೆ ತಾಗಿಸಿ ರೋಗ ಬಾರದಂತೆ ಮಾಡುವುದು. 1718ರ ಮಾರ್ಚ್‌ನಲ್ಲೇ ತನ್ನ ಮಗನಿಗೆ ಅದನ್ನು ಮಾಡಿಸಿದಳು, ಆಮೇಲೆ ಇಂಗ್ಲೆಂಡಿನಲ್ಲಿ ಅದರ ಪರವಾಗಿ ವಾದಿಸಿದಳು. ಅದಕ್ಕೆ ಎದುರಾದ ಕೂಗಾಟಕ್ಕೆ ಲೆಕ್ಕವಿಲ್ಲ. ಹೂವಿನ ಕತೆಯನ್ನು ಮಾತ್ರ ಹೆಚ್ಚಿನವರು ಪ್ರಶ್ನಿಸದೆ ಒಪ್ಪಿಕೊಂಡರು.)

ಆ ಹೂವನ್ನು ನಿಘಂಟಾಗಿಸಿದ್ದು ಪ್ಯಾರಿಸ್. 1819ರ ಕೊನೆಗೆ ಶಾರ್ಲೊಟ್ ದ ಲಾತೂರ್ ಎಂಬ ಗುಪ್ತನಾಮದಲ್ಲಿ ‘ಲ ಲಾಂಗಾಜ್ ದೆ ಫ್ಲೋರ್’ ಎಂಬ ಪುಸ್ತಕ ಹೊರಬಂತು. ಋತುಗಳ ಪ್ರಕಾರ ಹೂವುಗಳು, ಪ್ರತಿಯೊಂದಕ್ಕೂ ಒಂದು ಭಾವ, ಜೊತೆಗೆ ಒಂದು ವ್ಯಾಕರಣವೂ: ಹೂವನ್ನು ತಲೆಕೆಳಗಾಗಿ ಹಿಡಿದರೆ ಅರ್ಥವೂ ತಲೆಕೆಳಗು, ಮುಳ್ಳು ತೆಗೆದರೆ ಒಂದು, ಎಲೆ ತೆಗೆದರೆ ಇನ್ನೊಂದು. ಪುಸ್ತಕ ಓಡಿತು. 1825ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಫಿಲಿಪ್ಸನ ಪುಸ್ತಕ, 1830ರ ದಶಕದಲ್ಲಿ ಇನ್ನೂ ಕೆಲವು, ಅಮೆರಿಕದಲ್ಲಿ 1829ರಲ್ಲಿ ಎಲಿಜಬೆತ್ ವರ್ಟ್‌ಳದು, 1832ರಲ್ಲಿ ಸಾರಾ ಹೇಲ್‌ಳದು. ಇವತ್ತಿಗೂ ಮರುಮುದ್ರಣಗೊಳ್ಳುತ್ತಿರುವುದು 1884ರ ಕೇಟ್ ಗ್ರೀನವೇಯ ಚಿತ್ರಪುಸ್ತಕ. ಇಂಟರ್ನೆಟ್ಟಿನಲ್ಲಿ ಸುತ್ತುವ ‘ಪುರಾತನ ಪುಷ್ಪಾರ್ಥ’ಗಳಲ್ಲಿ ಬಹಳಷ್ಟಕ್ಕೆ ಈ ಪುಸ್ತಕವೇ ಪುರಾಣ.

ಇದನ್ನೆಲ್ಲ ಯಾರಾದರೂ ನಿಜವಾಗಿ ಬಳಸಿದರೇ? 1995ರಲ್ಲಿ ಈ ಪುಸ್ತಕಗಳ ಇತಿಹಾಸವನ್ನು ಬರೆದ ಬೆವರ್ಲಿ ಸೀಟನ್‌ಗೆ ಪ್ರೇಮಿಗಳು ಹೂವಿನಲ್ಲಿ ಸಂಭಾಷಣೆ ನಡೆಸಿದ್ದಕ್ಕೆ ಪುರಾವೆಯೆಂಬುದು ಸಿಕ್ಕಲೇ ಇಲ್ಲವೆನ್ನಬೇಕು. ಅವು ಉಡುಗೊರೆಯ ಪುಸ್ತಕಗಳು, ಹಾಲ್‌ನ ಮೇಜಿನ ಮೇಲೆ ಇಡುವಂಥವು. ಅವರಿಗೂ ಎರಡು ವರ್ಷ ಮೊದಲು ಕೇಂಬ್ರಿಜ್‌ನ ಮಾನವಶಾಸ್ತ್ರಜ್ಞ ಜ್ಯಾಕ್ ಗುಡಿ ಹೂವಿನ ಸಂಸ್ಕೃತಿಗಳ ಬಗ್ಗೆ ಬರೆದ ದೊಡ್ಡ ಗ್ರಂಥದಲ್ಲೂ ಇದೇ ನಿಲುವಿದೆ: ಜನರ ಬಳಕೆಯಿಂದ ಹುಟ್ಟಿ ಪುಸ್ತಕಕ್ಕೆ ಬಂದ ಜ್ಞಾನ ಇದಲ್ಲ, ಪುಸ್ತಕದಲ್ಲೇ ಹುಟ್ಟಿದ್ದು. ನನಗೆ ಅದಕ್ಕಿಂತ ಸರಳವಾದ ಒಂದು ಅನುಮಾನವೂ ಇದೆ. ಒಂದು ವಾಕ್ಯ ಕಟ್ಟಬೇಕಾದರೆ ಮಾರ್ಚ್‌ನಲ್ಲಿ ಅರಳುವ ಹೂವೂ ಆಗಸ್ಟ್‌ನಲ್ಲಿ ಅರಳುವ ಹೂವೂ ಒಂದೇ ದಿನ ಕೈಗೆ ಸಿಗಬೇಕು. ಸ್ವಂತ ಗಾಜಿನ ಮನೆಯಿದ್ದ ಶ್ರೀಮಂತನಿಗೆ ಬಿಟ್ಟರೆ, ಲಂಡನ್ನಿನ ಚಳಿಗಾಲದಲ್ಲಿ ಪ್ರೇಮಿಯಾದವನು ವಸಂತದ ತನಕ ಬಾಯಿ ಮುಚ್ಚಿಕೊಂಡೇ ಇರಬೇಕಾಗುತ್ತಿತ್ತು.

ಅರ್ಥಗಳಿಗಾದರೂ ಏನು ಆಧಾರ? ಗ್ರೀನವೇಯ ಪಟ್ಟಿಯಲ್ಲಿ ಬೇಸಿಲ್ ಎಂದರೆ ದ್ವೇಷ. ಆ ಗಿಡದ ಒಂದು ಬಗೆ ನಮ್ಮ ಅಂಗಳದ ಕಾಮಕಸ್ತೂರಿ, ಇನ್ನೊಂದು ಬಗೆ ಬೃಂದಾವನದ ತುಳಸಿ. ಹಳದಿ ಗುಲಾಬಿ ಅವಳಿಗೆ ಇಳಿಮುಖವಾದ ಪ್ರೀತಿ ಮತ್ತು ಅಸೂಯೆ. ಬೆಂಗಳೂರಿನ ಕಾಲೇಜುಗಳಲ್ಲಿ ಫೆಬ್ರವರಿ 7ರ ರೋಸ್ ಡೇ ದಿನ ಅದೇ ಹಳದಿ ಗುಲಾಬಿ ಸ್ನೇಹ. ಹೂವು ಬದಲಾಗಲಿಲ್ಲ, ಪ್ರೇಮಿಗಳಷ್ಟೇ ಅಲ್ಲದೆ ಗೆಳೆಯರೂ ಗುಲಾಬಿ ಕೊಳ್ಳಬೇಕೆಂಬ ಮಾರುಕಟ್ಟೆಯ ಅಗತ್ಯ ಬಂತು. ಎಲ್ಲಕ್ಕಿಂತ ಚೆಂಡುಹೂವಿನ ಗತಿ ನೋಡಿ. ಅದರ ತವರು ಮೆಕ್ಸಿಕೊ. ಅಲ್ಲಿ ನವೆಂಬರ್ ಮೊದಲ ಎರಡು ದಿನ ಸತ್ತ ಹಿರಿಯರನ್ನು ಮನೆಗೆ ಕರೆಯುವಾಗ ಈ ಹೂವಿನ ಎಸಳಿನಿಂದಲೇ ದಾರಿ ಹಾಕುತ್ತಾರೆ. ಹಡಗು ಹತ್ತಿ ಕರ್ನಾಟಕಕ್ಕೆ ಬಂದ ಮೇಲೆ ಅದು ಆಯುಧಪೂಜೆಗೆ ಬಸ್ಸಿನ ಮೂತಿಯ ಮೇಲೂ ಆಟೊದ ಹ್ಯಾಂಡಲಿನ ಮೇಲೂ ಕೂತು ಮಂಗಳವಾಯಿತು. ಲಂಡನ್ನಿನ ಪುಸ್ತಕದಲ್ಲಿ ಅದು ‘ಆಫ್ರಿಕನ್ ಮಾರಿಗೋಲ್ಡ್’, ಅರ್ಥ: ಕೀಳು ಅಭಿರುಚಿಯ ಮನಸ್ಸು. ಆಫ್ರಿಕಾಕ್ಕೆ ಸಂಬಂಧವೇ ಇಲ್ಲದ ಹೂವಿಗೆ ಆಫ್ರಿಕಾದ ಹೆಸರು, ಆ ಹೆಸರಿಗೆ ತಕ್ಕ ಅರ್ಥ! ಹೂವು ಏನನ್ನೂ ಹೇಳುತ್ತಿಲ್ಲ; ಹೇಳಿಸುತ್ತಿರುವವರ ಮನಸ್ಸು ಮಾತ್ರ ಚೆನ್ನಾಗಿ ಕಾಣುತ್ತಿದೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಬಾಯಿ ಕಟ್ಟಿಹಾಕಿದ್ದ ಸಮಾಜದಲ್ಲಿ ಹೆಂಗಸರಿಗೆ ಇದೊಂದು ಮಾತಾಗಿತ್ತಲ್ಲವೇ, ಬಳಸಿದ್ದು ಕಡಿಮೆಯಾದರೂ ಬಳಸಬಹುದು ಎಂಬ ಕಲ್ಪನೆಯೇ ಒಂದು ಕಿಟಕಿಯಲ್ಲವೇ ಎಂದು. ಇರಬಹುದು. ಆದರೆ ಅದೇ ಕಾಲದಲ್ಲಿ ಅವರ ಕೈಯಿಂದ ಏನು ಜಾರುತ್ತಿತ್ತು ಎನ್ನುವುದನ್ನೂ ನೋಡಬೇಕು. 1735ರಲ್ಲಿ ಲಿನೇಯಸ್ ಗಿಡಗಳನ್ನು ವಿಂಗಡಿಸಿದ್ದು ಹೂವಿನ ಕೇಸರ, ಶಲಾಕೆಗಳ ಎಣಿಕೆಯ ಮೇಲೆ, ಅಂದರೆ ಅದರ ಲೈಂಗಿಕ ಅಂಗಗಳ ಮೇಲೆ. ಒಬ್ಬಳು ಹೆಂಡತಿ, ಇಷ್ಟು ಮಂದಿ ಗಂಡಂದಿರು ಎಂಬ ಧಾಟಿಯಲ್ಲೇ ಅವನು ಬರೆದ. ಎಣಿಸಲು ಬರುವ ಯಾರೂ ಸಸ್ಯಶಾಸ್ತ್ರಕ್ಕೆ ಕೈಹಾಕಬಹುದಾಗಿತ್ತು, ಇಂಗ್ಲೆಂಡಿನ ಅನೇಕ ಹೆಂಗಸರು ಕೈಹಾಕಿದರು ಕೂಡ. ಅದು ಕೆಲವರಿಗೆ ಸಹಿಸಲಿಲ್ಲ. 1798ರಲ್ಲಿ ರಿಚರ್ಡ್ ಪೋಲ್ವೀಲ್ ಎಂಬ ಪಾದ್ರಿ ಹೂವಿನ ಅಂಗಾಂಗ ಬಿಡಿಸಿ ನೋಡುವ ಹುಡುಗಿಯರನ್ನು ಹಳಿದು, ಅವರು ಹೆಣ್ತನ ಕಳಕೊಂಡವರೆಂದು ಒಂದು ಕಾವ್ಯವನ್ನೇ ಬರೆದ. 1829ರಲ್ಲಿ ಲಂಡನ್ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ಪ್ರಾಧ್ಯಾಪಕ ಜಾನ್ ಲಿಂಡ್ಲಿ ತನ್ನ ಮೊದಲ ಉಪನ್ಯಾಸದಲ್ಲಿ, ಈ ಶಾಸ್ತ್ರ ಹೆಂಗಸರ ಮನರಂಜನೆಯ ಮಟ್ಟಕ್ಕೆ ಇಳಿದಿದೆ, ಅದನ್ನು ಗಂಭೀರ ಗಂಡಸರ ವಿದ್ಯೆಯಾಗಿಸಬೇಕು ಎಂಬರ್ಥದ ಮಾತಾಡಿದ. ಐದು ವರ್ಷದ ನಂತರ ಹೆಂಗಸರಿಗೆಂದೇ ಬೇರೆ ಸಸ್ಯಶಾಸ್ತ್ರ ಬರೆದುಕೊಟ್ಟ.

ಹೂವಿನ ಭಾಷೆಯ ಪುಸ್ತಕಗಳು ತುಂಬಿ ತುಳುಕಿದ್ದು ಇದೇ ದಶಕಗಳಲ್ಲಿ. ಯಾರೋ ಕೂತು ಸಂಚು ಮಾಡಿದರು ಎನ್ನುತ್ತಿಲ್ಲ. ಆದರೂ ಹೂವಿನ ದೇಹವನ್ನು ಓದುವುದು ಅಸಭ್ಯ, ಹೂವಿನ ಭಾವವನ್ನು ಓದುವುದು ಸಭ್ಯ ಎಂದು ಪಾಲಾದಾಗ ಹೆಂಗಸರ ಪಾಲಿಗೆ ಬಂದದ್ದು ಯಾವುದು ಎನ್ನುವುದು ಸ್ಪಷ್ಟ. ಗುಲಾಬಿಗೆ ಎಷ್ಟು ಕೇಸರ ಎಂದು ತಾನೇ ಎಣಿಸಿ ತಿಳಿಯಬಹುದಾಗಿದ್ದವಳಿಗೆ ಗುಲಾಬಿ ಎಂದರೆ ಪ್ರೀತಿ ಎಂದು ಬಾಯಿಪಾಠ ಮಾಡಿಸುವುದನ್ನು ಬಿಡುಗಡೆಯೆನ್ನಲು ನನಗೆ ಮನಸ್ಸು ಬರುವುದಿಲ್ಲ.

ಹೂವಿಗೆ ಎಲ್ಲರೂ ಒಪ್ಪಿದ ಅರ್ಥ ಬರುವುದು ಪುಸ್ತಕದಿಂದಲ್ಲ, ಕಟ್ಟಳೆಯಿಂದ. ಅದು ಕಾಣಬೇಕಾದರೆ ನಮ್ಮೂರಿಗೇ ಬರಬೇಕು. ಮುಡಿಯಲ್ಲಿ ಹೂವಿದ್ದರೆ ಮುತ್ತೈದೆ. ಮದುವೆ ಗೊತ್ತಾದರೆ ಹೂ ಮುಡಿಸುವ ಶಾಸ್ತ್ರ, ಬಸುರಿಯಾದರೆ ಮತ್ತೊಮ್ಮೆ. ಗಂಡ ಸತ್ತ ದಿನ ಅದೇ ಮುಡಿಯಿಂದ ಹೂವು ಕಿತ್ತು ತೆಗೆಯುತ್ತಾರೆ. ದೇವರ ಮುಂದೆ ಕೂತು ಹೂಪ್ರಸಾದ ಕೇಳಿದಾಗ ಬಲಗಡೆ ಬಿದ್ದರೆ ಆಗುತ್ತದೆ, ಎಡಗಡೆ ಬಿದ್ದರೆ ಇಲ್ಲ. ಆ ತೀರ್ಪಿನ ಮೇಲೆ ಸಂಬಂಧಗಳು ಕೂಡಿವೆ, ಮುರಿದಿವೆ. ಇಲ್ಲಿ ಗುಟ್ಟೆಂಬುದಿಲ್ಲ. ಊರಿಗೆ ಊರೇ ಓದಬೇಕೆಂದೇ ಇರುವ ಅಕ್ಷರ ಇದು, ಬರೆಸಿಕೊಂಡವಳನ್ನು ಮಾತ್ರ ಯಾರೂ ಕೇಳುವುದಿಲ್ಲ. ಕಟ್ಟಳೆ ಇಷ್ಟು ಗಟ್ಟಿಯಾದಲ್ಲಿ ಅದನ್ನು ತಿರುಗಿಸಿ ಹೊಡೆಯುವುದೂ ಸಲೀಸು. 2023ರ ಫೆಬ್ರವರಿ 17ರಂದು ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಬಜೆಟ್ ಮಂಡಿಸುವಾಗ ಸಿದ್ದರಾಮಯ್ಯ ಮತ್ತು ಕಾಂಗ್ರೆಸ್ ಶಾಸಕರು ಕಿವಿಯ ಮೇಲೆ ಹೂವಿಟ್ಟುಕೊಂಡು ವಿಧಾನಸಭೆಗೆ ಬಂದರು. ಕನ್ನಡ ಬಲ್ಲ ಒಬ್ಬರಿಗೂ ಅದಕ್ಕೆ ವಿವರಣೆ ಬೇಕಾಗಲಿಲ್ಲ. ನಿಘಂಟು ಬೇಕಾಗುವುದು ಭಾಷೆ ಗೊತ್ತಿಲ್ಲದವರಿಗೆ.

ಹೂವು ಎಲ್ಲೆಡೆಯೂ ಮಾತಾಡುತ್ತದೆ ಎಂದೂ ತಿಳಿಯಬೇಕಾಗಿಲ್ಲ. ಉತ್ತರ ಘಾನಾದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಜ್ಯಾಕ್ ಗುಡಿಗೆ ಅಲ್ಲಿಯ ಮದುವೆ, ಸಾವು, ಪೂಜೆ ಯಾವುದರಲ್ಲೂ ಹೂವಿನ ಬಳಕೆ ಕಾಣಲಿಲ್ಲ. ಅವನನ್ನು ಆ ದೊಡ್ಡ ಗ್ರಂಥಕ್ಕೆ ಹಚ್ಚಿದ್ದೇ ಈ ಗೈರುಹಾಜರಿ. ಹೂವಿಗೆಂದೇ ಹೊಲ ಬಿಡುವಷ್ಟು ಬೇಸಾಯ, ಅದನ್ನು ಮುಡಿಯುವಷ್ಟು ಬಿಡುವಿರುವ ಒಂದು ವರ್ಗ, ಇವಿದ್ದಲ್ಲಿ ಹೂವು ಸಂಕೇತವಾಗುತ್ತದೆ ಎಂಬುದು ಅವನ ವಾದದ ಸಾರ.

ಹಾಗಾದರೆ ನಿಜವಾದ ಗುಟ್ಟಿನ ಹೂವುಗಳು ಯಾವುವು? ನೆಪೋಲಿಯನ್ನನನ್ನು 1814ರಲ್ಲಿ ಎಲ್ಬಾ ದ್ವೀಪಕ್ಕೆ ಅಟ್ಟಿದಾಗ, ವಯೊಲೆಟ್ ಅರಳುವ ಹೊತ್ತಿಗೆ ಅವನು ಮರಳುತ್ತಾನೆ ಎಂಬ ಮಾತು ಅವನ ಕಡೆಯವರಲ್ಲಿ ಹಬ್ಬಿತು. ಅವರ ಬಾಯಲ್ಲಿ ಅವನು ‘ಕಾರ್ಪೊರಲ್ ವಯೊಲೆಟ್’ ಆದ. 1815ರ ಮಾರ್ಚ್ 20ರಂದು ಅವನು ಪ್ಯಾರಿಸ್ ಹೊಕ್ಕ. ಆ ವರ್ಷ ಕ್ಯಾನು ಎಂಬ ಕಲಾವಿದ ಕೆತ್ತಿದ ಒಂದು ಚಿತ್ರ ಈಗಲೂ ಸಂಗ್ರಹಾಲಯಗಳಲ್ಲಿದೆ: ನೋಡಿದರೆ ಬರೀ ವಯೊಲೆಟ್ ಗೊಂಚಲು, ಎಲೆ ಹೂವುಗಳ ಅಂಚಿನ ನಡುವಿನ ಖಾಲಿ ಜಾಗವನ್ನು ದಿಟ್ಟಿಸಿದರೆ ನೆಪೋಲಿಯನ್, ಅವನ ರಾಣಿ, ಮಗ, ಮೂರು ಮುಖಗಳು. ವಾಟರ್ಲೂ ಸೋಲಿನ ನಂತರ ಕೋಟಿಗೆ ವಯೊಲೆಟ್ ಸಿಕ್ಕಿಸಿದವನು ಪೊಲೀಸರ ಕಣ್ಣಿಗೆ ಬೀಳುತ್ತಿದ್ದ.

1892ರ ಫೆಬ್ರವರಿ 20ರಂದು ಲಂಡನ್ನಿನ ಸೇಂಟ್ ಜೇಮ್ಸ್ ಥಿಯೇಟರಿನಲ್ಲಿ ಆಸ್ಕರ್ ವೈಲ್ಡ್‌ನ ‘ಲೇಡಿ ವಿಂಡರ್‌ಮಿಯರ್ಸ್ ಫ್ಯಾನ್’ ನಾಟಕದ ಮೊದಲ ಪ್ರದರ್ಶನ. ಅವನ ಗೆಳೆಯರು ಕೋಟಿನ ಗುಂಡಿಗೆ ಹಸಿರು ಕಾರ್ನೇಷನ್ ಸಿಕ್ಕಿಸಿಕೊಂಡು ಬಂದರು, ವೇದಿಕೆಯ ಮೇಲಿನ ಒಬ್ಬ ನಟನೂ ಸಿಕ್ಕಿಸಿಕೊಂಡಿದ್ದ. ಬಿಳಿ ಹೂವಿಗೆ ಬಣ್ಣದ ನೀರು ಕುಡಿಸಿ ಮಾಡಿದ ಹಸಿರು, ಗಿಡದಲ್ಲಿ ಬಿಡದ ಬಣ್ಣ. ಇದಕ್ಕೇನರ್ಥ ಎಂದು ಕೇಳಿದ ಗೆಳೆಯನಿಗೆ ಏನೂ ಇಲ್ಲವೆಂದನಂತೆ ವೈಲ್ಡ್. ಗಂಡು ಗಂಡನ್ನು ಪ್ರೀತಿಸಿದರೆ ಜೈಲೆಂಬ ಕಾನೂನು ಇದ್ದ ಊರಲ್ಲಿ ಅದಕ್ಕಿಂತ ಜಾಣ ಉತ್ತರ ಇರಲಾರದು. 1894ರಲ್ಲಿ ರಾಬರ್ಟ್ ಹಿಚೆನ್ಸ್ ಹೆಸರು ಹಾಕದೆ ಅದೇ ಹೂವಿನ ಹೆಸರಿನ ಕಾದಂಬರಿ ಬರೆದು ವೈಲ್ಡ್‌ನ ಬಳಗವನ್ನು ಗೇಲಿ ಮಾಡಿದ. ಓದಿದವರೆಲ್ಲ ಹೂವಿನ ಗುರುತು ಹಿಡಿದರು. ಮರುವರ್ಷ ವೈಲ್ಡ್‌ಗೆ ಎರಡು ವರ್ಷಗಳ ಕಠಿಣ ಸಜೆಯಾಯಿತು.

ಈ ಎರಡರಲ್ಲೂ ಇರುವುದು ಒಂದೇ ಹೂವು, ಒಂದೇ ಅರ್ಥ, ಒಂದು ಸಣ್ಣ ಬಳಗ. ವ್ಯಾಕರಣವಿಲ್ಲ, ಪಟ್ಟಿಯಿಲ್ಲ. ಹಸಿರು ಕಾರ್ನೇಷನ್ ಪುಸ್ತಕವಾದ ಕೂಡಲೇ ಅಪಾಯಕ್ಕೆ ಬಿತ್ತು. ಗುಟ್ಟಿಗೆ ಇಂಥದ್ದೇ ಹೂವು ಬೇಕೆಂದೇನೂ ಇಲ್ಲ, ಅದು ಹೂವಾಗಿರಬೇಕು ಅಷ್ಟೆ. ಯಾಕೆಂದರೆ ಹಿಡಿದು ಕೇಳಿದರೆ ಇದು ಬರೀ ಹೂವು ಸ್ವಾಮಿ, ಚೆನ್ನಾಗಿ ಕಂಡಿತು, ಇಟ್ಟುಕೊಂಡೆ ಎನ್ನಬಹುದು. ಬಾವುಟಕ್ಕೆ ಈ ಅನುಕೂಲವಿಲ್ಲ, ಬ್ಯಾಡ್ಜಿಗಿಲ್ಲ, ಚೀಟಿಗಂತೂ ಇಲ್ಲವೇ ಇಲ್ಲ. ಹೂವಿನ ಶಕ್ತಿ ಇರುವುದು ಅದರ ಅರ್ಥದಲ್ಲಲ್ಲ, ಅರ್ಥವೇ ಇಲ್ಲವೆಂದು ಸಾಧಿಸಬಹುದಾದ ಅದರ ಮುಗ್ಧ ಮುಖದಲ್ಲಿ.

ಈ ಮುಗ್ಧತೆ ಆಳುವವರನ್ನು ಎಷ್ಟು ಕಂಗೆಡಿಸಬಲ್ಲದು ಎನ್ನುವುದು 2011ರಲ್ಲಿ ಚೀನಾದಲ್ಲಿ ಕಂಡಿತು. ಆ ಜನವರಿಯಲ್ಲಿ ಟ್ಯುನೀಷಿಯಾದ ಅಧ್ಯಕ್ಷ ದೇಶಬಿಟ್ಟು ಓಡಿದ ದಂಗೆಗೆ ಪತ್ರಿಕೆಗಳು ಮಲ್ಲಿಗೆ ಕ್ರಾಂತಿ ಎಂದು ಹೆಸರಿಟ್ಟವು. ನಮ್ಮಲ್ಲೂ ಮಲ್ಲಿಗೆ ಅರಳಲಿ ಎಂಬ ಅನಾಮಧೇಯ ಕರೆಗಳು ಚೀನಾದ ಇಂಟರ್ನೆಟ್ಟಿನಲ್ಲಿ ಕಾಣಿಸಿಕೊಂಡದ್ದೇ ತಡ, ಸರ್ಕಾರ ಆ ಪದವನ್ನೇ ತಡೆಹಿಡಿಯಿತು. ಮಲ್ಲಿಗೆಯ ಬಗೆಗಿನ ಹಳೆಯ ಜನಪದ ಹಾಡಿನ ವಿಡಿಯೊಗಳು ಮಾಯವಾದವು. ಬೀಜಿಂಗಿನ ಹೂವಿನ ಮಾರುಕಟ್ಟೆಗಳಲ್ಲಿ ಮಲ್ಲಿಗೆ ಮಾರಬೇಡಿ ಎಂದು ಪೊಲೀಸರು ಹೇಳಿದರೆಂದೂ, ಬೆಲೆ ಕುಸಿದು ಬೆಳೆಗಾರರು ಕಾರಣ ತಿಳಿಯದೆ ಕಂಗಾಲಾದರೆಂದೂ ವರದಿಗಳು ಬಂದವು. ಮೈಸೂರು, ಉಡುಪಿ, ಹಡಗಲಿ ಎಂದು ಊರೂರಿನ ಮಲ್ಲಿಗೆಗೆ ಭೌಗೋಳಿಕ ಗುರುತಿನ ಪತ್ರ ಪಡೆದಿರುವ ನಾವು ಮಲ್ಲಿಗೆಗೆ ಹೆದರುವ ಪೊಲೀಸರನ್ನು ಊಹಿಸಿಕೊಳ್ಳುವುದೂ ಕಷ್ಟ.

ಇಲ್ಲಿಗೆ ನಿಲ್ಲಿಸಿದರೆ ಗುಟ್ಟಿನ ಹೂವೆಂದರೆ ಯಾವಾಗಲೂ ದಬ್ಬಾಳಿಕೆಗೆ ಒಳಗಾದವರ ಆಯುಧ ಎಂಬ ಇನ್ನೊಂದು ಹಿತವಾದ ಕತೆ ಹುಟ್ಟಿಕೊಳ್ಳುತ್ತದೆ. ಆಸ್ಟ್ರಿಯಾ ಅದಕ್ಕೆ ಅವಕಾಶ ಕೊಡುವುದಿಲ್ಲ. ಯುರೋಪಿನ ಗೋಧಿ ಹೊಲಗಳಲ್ಲಿ ಕಳೆಯಾಗಿ ಬೆಳೆಯುವ ನೀಲಿ ಹೂವೊಂದಿದೆ, ಕಾರ್ನ್‌ಫ್ಲವರ್ (ಅಡುಗೆಮನೆಯ ಕಾರ್ನ್‌ಫ್ಲೋರ್ ಅಲ್ಲ). ಹತ್ತೊಂಬತ್ತನೆಯ ಶತಮಾನದಲ್ಲಿ ಯಹೂದಿ ದ್ವೇಷಿ ರಾಜಕಾರಣಿ ಷೋನರರ್‌ನ ಅನುಯಾಯಿಗಳು ಅದನ್ನು ಗುರುತಾಗಿ ಧರಿಸುತ್ತಿದ್ದರು. 1933ರಲ್ಲಿ ಆಸ್ಟ್ರಿಯಾದಲ್ಲಿ ನಾತ್ಸಿ ಪಕ್ಷದ ಮೇಲೆ ನಿಷೇಧ ಬಿದ್ದಾಗ, 1938ರಲ್ಲಿ ಹಿಟ್ಲರ್ ದೇಶವನ್ನೇ ನುಂಗುವ ತನಕ, ಸ್ವಸ್ತಿಕವನ್ನು ಹಾಕಲಾಗದ ನಾತ್ಸಿಗಳು ಒಬ್ಬರನ್ನೊಬ್ಬರು ಗುರುತಿಸಿದ್ದು ಇದೇ ಹೂವಿನಿಂದ. 2006ರಿಂದಾಚೆಗೆ ಅಲ್ಲಿಯ ಬಲಪಂಥೀಯ ಫ್ರೀಡಂ ಪಾರ್ಟಿಯ ಸಂಸದರು ಹೊಸ ಸಂಸತ್ತಿನ ಮೊದಲ ದಿನ ಕೋಟಿಗೆ ಕಾರ್ನ್‌ಫ್ಲವರ್ ಸಿಕ್ಕಿಸಿ ಬಂದರು. ಕೇಳಿದವರಿಗೆ ಸಿಕ್ಕ ಉತ್ತರ: ಇದು 1848ರ ಸ್ವಾತಂತ್ರ್ಯ ಹೋರಾಟದ ನೆನಪು, ನಾತ್ಸಿಗಳಿಗೂ ಇದಕ್ಕೂ ಏನು ಸಂಬಂಧ? ವೈಲ್ಡ್‌ನನ್ನು ಕಾಪಾಡಲು ನೋಡಿದ ಅದೇ ಮುಗ್ಧ ಮುಖ ಇಲ್ಲೂ ಕೆಲಸಕ್ಕೆ ಬಂತು. ಹೂವಿಗೆ ಪಕ್ಷವಿಲ್ಲ.

2017ರ ನವೆಂಬರ್‌ನಲ್ಲಿ, ಸರ್ಕಾರ ಸೇರುವ ಹೊಸ್ತಿಲಲ್ಲಿದ್ದ ಆ ಪಕ್ಷ ಕಾರ್ನ್‌ಫ್ಲವರ್ ಬಿಟ್ಟು ಆಲ್ಪ್ಸ್ ಪರ್ವತದ ಬಿಳಿ ಹೂವು ಎಡೆಲ್‌ವೈಸ್ ಹಿಡಿಯಿತು. ಆಸ್ಟ್ರಿಯಾದ ಎರಡು ಸೆಂಟಿನ ಯೂರೊ ನಾಣ್ಯದ ಮೇಲಿರುವ ಹೂವು ಅದು. ಯಾರೂ ಬೆರಳು ತೋರಿಸುವಂತಿಲ್ಲ. ಆದರೂ ಅದಕ್ಕೂ ಹಿಂದಿನ ಕತೆಯಿದೆ, ಒಂದಲ್ಲ ಎರಡು. ಹಿಟ್ಲರನ ಪರ್ವತ ಪಡೆಯ ಟೋಪಿಯ ಮೇಲಿದ್ದದ್ದು ಎಡೆಲ್‌ವೈಸ್. ಹಿಟ್ಲರನ ಯುವದಳಕ್ಕೆ ಸೇರದೆ ಅದರ ಹುಡುಗರ ಜೊತೆ ಬೀದಿಕಾಳಗ ನಡೆಸಿದ ಕಾರ್ಮಿಕರ ಮಕ್ಕಳು ತಮ್ಮ ಕಾಲರಿನ ಕೆಳಗೆ ಅದನ್ನೇ ಇಟ್ಟುಕೊಂಡು, ಎಡೆಲ್‌ವೈಸ್ ಪೈರೇಟ್ಸ್ ಎಂದು ಕರೆಸಿಕೊಂಡದ್ದೂ ಅದೇ ಹೂವಿನಿಂದ. 1944ರ ನವೆಂಬರ್ 10ರಂದು ಕಲೋನ್ ನಗರದ ಎಹ್ರೆನ್‌ಫೆಲ್ಡ್‌ನಲ್ಲಿ ವಿಚಾರಣೆಯಿಲ್ಲದೆ ಬೀದಿಯಲ್ಲೇ ನೇಣಿಗೇರಿಸಿದ ಹದಿಮೂರು ಮಂದಿಯಲ್ಲಿ ಆ ಗುಂಪಿನ ಕೆಲವು ಹುಡುಗರೂ ಇದ್ದರು.